ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್: ಬ್ಯಾಕ್ ಉಳಿಸಿಕೊಳ್ಳದೆ ದಾಟುವುದು ಹೇಗೆ

ಮೊದಲ ಸೆಮಿಸ್ಟರ್ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಒಂದೇ ಥರದ ಮೆಸೇಜ್‌ಗಳು ಬರುತ್ತವೆ. "ಅಣ್ಣಾ, ಮ್ಯಾಥ್ಸ್ ಹೋಯ್ತು." "ಅಣ್ಣಾ, ಒಟ್ಟು 38 ಬಂದಿದೆ. ಇಂಟರ್ನಲ್ಸೂ ಇದೆ, ಪರೀಕ್ಷೇಲೂ ಮಿನಿಮಮ್ ಬಂದಿದೆ. ಆದ್ರೂ ಫೇಲ್ ಅಂತಿದೆ, ಯಾಕೆ?" "ಎನ್‌ಇ ಅಂದ್ರೆ ಏನಣ್ಣಾ?"

ಇವರಲ್ಲಿ ದಡ್ಡರು ಯಾರೂ ಇಲ್ಲ. ಪಿಯುಸಿಯಲ್ಲಿ 85, 90 ಪರ್ಸೆಂಟ್ ತೆಗೆದು, ಸಿಇಟಿಯಲ್ಲಿ ರ‍್ಯಾಂಕ್ ಬಂದು ಸೀಟು ಹಿಡಿದವರೇ. ಎಲ್ಲರೂ ಮಾಡುವ ತಪ್ಪು ಒಂದೇ: ಪಿಯುಸಿ ಥರ ಕೊನೆಯ ತಿಂಗಳು ಕೂತು ಓದಿದರಾಯಿತು ಅಂದುಕೊಳ್ಳುವುದು. ಇಂಜಿನಿಯರಿಂಗ್‌ನಲ್ಲಿ ಸಬ್ಜೆಕ್ಟ್ ಹೋಗುವುದು ಪರೀಕ್ಷಾ ಹಾಲ್‌ನಲ್ಲಿ ಅಲ್ಲ. ಮೊದಲ ಆರು ವಾರದಲ್ಲೇ ಹೋಗಿರುತ್ತದೆ, ರಿಸಲ್ಟ್ ದಿನ ಗೊತ್ತಾಗುತ್ತದೆ ಅಷ್ಟೇ. ಹೀಗೆ ಹೋಗಿ, ಮತ್ತೆ ಬರೆಯಬೇಕಾದ ಸಬ್ಜೆಕ್ಟೇ ಬ್ಯಾಕ್.

ಇಲ್ಲಿ ಬರೆದಿರುವುದು ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳ ಲೆಕ್ಕ. ಅಂಕದ ನಿಯಮಗಳನ್ನು 2022ರ ಸ್ಕೀಮ್, ಅಂದರೆ ಆ ವರ್ಷ ಬಂದ ಸಿಲಬಸ್ ಮತ್ತು ನಿಯಮ ಹಿಡಿದು ಹೇಳಿದ್ದೇನೆ. ನಿಮ್ಮದು ಅದಕ್ಕಿಂತ ಹೊಸ ಸ್ಕೀಮ್ ಆಗಿದ್ದರೆ ಅಥವಾ ತಾನೇ ಸಿಲಬಸ್ ಮಾಡಿ ಪರೀಕ್ಷೆ ನಡೆಸುವ ಆಟೋನಮಸ್ ಕಾಲೇಜಾಗಿದ್ದರೆ ಅಂಕಿಗಳು ಬೇರೆ ಇರಬಹುದು. ಮಾಡಬೇಕಾದ ಕೆಲಸ ಮತ್ತು ಅದರ ಕ್ರಮ ಬೇರೆ ಆಗುವುದಿಲ್ಲ.

## ಬೇಕಾದ ಸಾಮಾನು, ಬೇಡದ ಸಾಮಾನು

ಬೇಕಾದದ್ದು ಕಡಿಮೆ. ಒಂದು ಗಟ್ಟಿ ಫೈಲ್. ಸಬ್ಜೆಕ್ಟಿಗೊಂದು ಲಾಂಗ್ ನೋಟ್‌ಬುಕ್. ಕಿಸೆಯಲ್ಲಿ ಹಿಡಿಯುವ ಒಂದು ಸಣ್ಣ ಡೈರಿ. ಪ್ರೋಗ್ರಾಂ ಮಾಡಲು ಬಾರದ ಮಾಮೂಲಿ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್. ನಿಮ್ಮ ಸ್ಕೀಮಿನ ಸಿಲಬಸ್, ಅದೂ ಪ್ರಿಂಟ್ ತೆಗೆದದ್ದು. ಫೋನ್‌ನಲ್ಲಿರುವ ಪಿಡಿಎಫ್ ಯಾರೂ ತೆರೆಯುವುದಿಲ್ಲ.

ಮೊದಲ ವಾರ ಕಾಲೇಜು ಎದುರಿನ ಅಂಗಡಿಯಲ್ಲಿ "ಫಸ್ಟ್ ಇಯರ್ ಸೆಟ್" ಅಂತ ಕಟ್ಟಿಟ್ಟು ಮಾರುತ್ತಾರೆ. ಮಿನಿ ಡ್ರಾಫ್ಟರ್, ಶೀಟು, ಎಪ್ರನ್, ಎಲ್ಲಾ ಸಬ್ಜೆಕ್ಟಿನ ಪುಸ್ತಕ. ಕೊಳ್ಳಬೇಡಿ. ಫಸ್ಟ್ ಇಯರ್‌ನಲ್ಲಿ ಅರ್ಧ ಸೆಕ್ಷನ್‌ಗಳಿಗೆ ಮೊದಲು ಫಿಸಿಕ್ಸ್ ಸೈಕಲ್, ಉಳಿದವರಿಗೆ ಕೆಮಿಸ್ಟ್ರಿ ಸೈಕಲ್ ಬರುತ್ತದೆ. ಎರಡೂ ಬೇರೆ ಬೇರೆ ಸಬ್ಜೆಕ್ಟುಗಳ ಗುಂಪು, ಮುಂದಿನ ಸೆಮಿಸ್ಟರ್ ಅದಲು ಬದಲು. ನಿಮಗೆ ಡ್ರಾಯಿಂಗ್ ಈ ಸೆಮಿಸ್ಟರ್ ಇದೆಯೋ ಮುಂದಿನ ಸೆಮಿಸ್ಟರ್ ಇದೆಯೋ ಟೈಮ್‌ಟೇಬಲ್ ಕೈಗೆ ಬರುವವರೆಗೆ ಗೊತ್ತಿರುವುದಿಲ್ಲ. ಡ್ರಾಯಿಂಗ್ ಈಗ ಬಹುಪಾಲು ಕಂಪ್ಯೂಟರ್ ಮೇಲೇ ನಡೆಯುತ್ತದೆ. ಏನು ಬೇಕು ಅಂತ ಮೇಷ್ಟ್ರು ಹೇಳಿದ ಮೇಲೆ ತಂದರೆ ಸಾಕು. ಪುಸ್ತಕ ಸೀನಿಯರ್ಸ್ ಹತ್ತಿರ ಅರ್ಧ ಬೆಲೆಗೆ ಸಿಗುತ್ತದೆ, ಲೈಬ್ರರಿಯಲ್ಲಿ ಪುಕ್ಕಟೆ.

ಲ್ಯಾಪ್‌ಟಾಪ್ ವಿಷಯದಲ್ಲಿ ನನ್ನದು ಹಳೆಯ ಜಗಳ. ಮನೆಯವರು ಸಾಲ ಮಾಡಿ ಮೊದಲ ತಿಂಗಳೇ ಕೊಡಿಸುತ್ತಾರೆ. ಫಸ್ಟ್ ಇಯರ್ ಪ್ರೋಗ್ರಾಂಗಳಿಗೆ ಕಾಲೇಜ್ ಲ್ಯಾಬ್ ಸಾಕು. ಎರಡನೇ ವರ್ಷ ಬ್ರಾಂಚಿಗೆ ಯಾವುದು ಬೇಕು ಅಂತ ಕೇಳಿ ತಗೊಳ್ಳಿ.

## ಹಂತ 1: ಕಾಗದ ಕೊಡುವ ಮೊದಲು ಪ್ರತಿ ಮಾಡಿಕೊಳ್ಳಿ

ಇದನ್ನು ಕಾಲೇಜಿಗೆ ಹೋಗುವ ಹಿಂದಿನ ದಿನವೇ ಮುಗಿಸಿ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಟಿಸಿ, ವ್ಯಾಸಂಗ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸಿಇಟಿ ನಡೆಸಿ ಸೀಟು ಕೊಡುವ ಕೆಇಎಯ ಅಡ್ಮಿಷನ್ ಆರ್ಡರ್, ಫೀ ಕಟ್ಟಿದ ರಸೀದಿ. ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಕೋಟಾದಲ್ಲಿ ಸೀಟು ಬಂದಿದ್ದರೆ ಆ ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದವರಾದರೆ 371ಜೆ ಮೀಸಲಾತಿಯ ಪ್ರಮಾಣಪತ್ರ. ಎಲ್ಲದಕ್ಕೂ ನಾಲ್ಕು ಜೆರಾಕ್ಸ್, ಹಿಂದೆ ಮುಂದೆ ಎರಡೂ ಕಡೆ. ಜೊತೆಗೆ ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿಸಿ ನಿಮ್ಮದೇ ಮೇಲ್‌ಗೆ ಕಳಿಸಿಕೊಳ್ಳಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನನ್ನದೇ ಕಥೆ. ಅಡ್ಮಿಷನ್ ದಿನ ಅಪ್ಪ ಪ್ಲಾಸ್ಟಿಕ್ ಕವರ್ ಸಮೇತ ಎಲ್ಲಾ ಒರಿಜಿನಲ್ ತೆಗೆದು ಕೌಂಟರಿನೊಳಗೆ ಕೊಟ್ಟುಬಿಟ್ಟರು. ನಾವು ಪ್ರತಿ ಇಟ್ಟುಕೊಂಡಿರಲಿಲ್ಲ, ರಸೀದಿಯೂ ಕೇಳಲಿಲ್ಲ. ಎರಡು ತಿಂಗಳಾದ ಮೇಲೆ ಸ್ಕಾಲರ್‌ಶಿಪ್‌ಗೆ ಅಂಕಪಟ್ಟಿ ಬೇಕಾಯಿತು. ಆಫೀಸಿನವರು "ಬೀಗದ ಕೈ ಇಟ್ಟವರು ರಜೆ, ಸೋಮವಾರ ಬಾ" ಅಂದರು. ಸೋಮವಾರ ಹೋದರೆ ಗುರುವಾರ ಅಂದರು. ನಾಲ್ಕನೇ ಸಲ ಸಿಕ್ಕಿತು. ಅಷ್ಟರಲ್ಲಿ ಅರ್ಜಿಯ ಕೊನೆ ದಿನ ಕಳೆದು ಎರಡು ದಿನವಾಗಿತ್ತು.

ಆದ್ದರಿಂದ ಒರಿಜಿನಲ್ ಕೊಟ್ಟರೆ ಯಾವ್ಯಾವುದು ಕೊಟ್ಟಿರಿ ಅಂತ ಒಂದು ಹಾಳೆಯಲ್ಲಿ ಬರೆದು, ಸೀಲು ಸಹಿ ಹಾಕಿಸಿಕೊಳ್ಳಿ. "ಇದೆಲ್ಲಾ ನಾವು ಕೊಡಲ್ಲ" ಅಂದರೆ ಜಗಳ ಬೇಡ. ಹಾಳೆಯ ಮೇಲೆ ತಾರೀಕು, ಕೌಂಟರ್ ಬರೆದು ಫೋಟೋ ತೆಗೆದಿಟ್ಟುಕೊಳ್ಳಿ. ಟಿಸಿ ವಾಪಸ್ ಬರುವುದಿಲ್ಲ, ಅದು ಕಾಲೇಜಿನಲ್ಲೇ ಉಳಿಯುತ್ತದೆ. ಅದರ ಪ್ರತಿ ಇಲ್ಲದೆ ಕೌಂಟರ್ ಹತ್ತಿರವೂ ಹೋಗಬೇಡಿ.

ಹೆಸರು ಹೋಲಿಸಿ ನೋಡುವ ಕೆಲಸವೂ ಆವತ್ತೇ ಆಗಬೇಕು. ಅಂಕಪಟ್ಟಿಯಲ್ಲಿ "ಮಂಜುನಾಥ ಹೆಚ್", ಆಧಾರ್‌ನಲ್ಲಿ "ಮಂಜುನಾಥ ಹನುಮಂತಪ್ಪ", ಬ್ಯಾಂಕಿನಲ್ಲಿ ಇನ್ನೊಂದು ಇರುತ್ತದೆ. ಅಂಕಪಟ್ಟಿಯಲ್ಲಿ ಇರುವ ಹಾಗೆ ಆಧಾರ್ ತಿದ್ದಿಸಿ. ಅಂಕಪಟ್ಟಿ ತಿದ್ದಿಸಲು ಹೋದರೆ ವರ್ಷ ಹಿಡಿಯುತ್ತದೆ.

## ಹಂತ 2: ಸ್ಕಾಲರ್‌ಶಿಪ್, ಹಾಸ್ಟೆಲ್ ಅರ್ಜಿ ಮೊದಲ ತಿಂಗಳೇ

ಎಸ್‌ಎಸ್‌ಪಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲಿನ ಅರ್ಜಿ ಬಿದ್ದುಹೋಗುವುದು ಸಾಮಾನ್ಯವಾಗಿ ಅರ್ಜಿ ತುಂಬುವಾಗ ಅಲ್ಲ, ಅದಕ್ಕೂ ಮೊದಲಿನ ಕೆಲಸ ಹಿಂದು ಮುಂದಾಗಿರುವುದರಿಂದ. ಕ್ರಮ ಹೀಗಿರಲಿ.

1. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ ತೆಗೆದು ಅದರ ಮೇಲಿರುವ ಆರ್‌ಡಿ ನಂಬರ್ ಬರೆದುಕೊಳ್ಳಿ. ಆದಾಯ ಪ್ರಮಾಣಪತ್ರ 5 ವರ್ಷ ನಡೆಯುತ್ತದೆ. ಹೈಸ್ಕೂಲಿನಲ್ಲಿ ಮಾಡಿಸಿದ್ದಾದರೆ ಈ ವರ್ಷವೇ ಅವಧಿ ಮುಗಿದಿರಬಹುದು, ತಾರೀಕು ನೋಡಿ.

2. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯಾ ಅಂತ ಆಧಾರ್ ವೆಬ್‌ಸೈಟಿನಲ್ಲಿ ನೋಡಿ. ಖಾತೆಗೆ ಆಧಾರ್ ನಂಬರ್ ಕೊಟ್ಟಿರುವುದೇ ಬೇರೆ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್‌ಗೆ ಬರುವ ಹಣ ಯಾವ ಖಾತೆಗೆ ಅಂತ ಜೋಡಣೆ ಆಗಿರುವುದೇ ಬೇರೆ. ಸರ್ಕಾರದ ಹಣ ಹೋಗುವುದು ಮ್ಯಾಪಿಂಗ್ ಆಗಿರುವ ಖಾತೆಗೆ. ಕಾಲೇಜಿನ ಹತ್ತಿರ ಹೊಸ ಖಾತೆ ತೆರೆದು, ಹಣ ಊರಿನ ಹಳೆಯ ಖಾತೆಗೆ ಬಿದ್ದು, "ನನಗೆ ಬಂದೇ ಇಲ್ಲ" ಅಂತ ವರ್ಷವಿಡೀ ಅಲೆದವರನ್ನು ನೋಡಿದ್ದೇನೆ.

3. ಕಾಗದಗಳಿಗೆ ಇ-ದೃಢೀಕರಣ ಮಾಡಿಸಿ. ಇದಕ್ಕೆ ಕಾಲೇಜಿನಲ್ಲಿ ಒಬ್ಬರನ್ನು ನೇಮಿಸಿರುತ್ತಾರೆ. ಯಾರು ಅಂತ ಮೊದಲ ವಾರವೇ ಕೇಳಿಟ್ಟುಕೊಳ್ಳಿ. ಕೊನೆ ವಾರ ಅವರ ಬಾಗಿಲಲ್ಲಿ ಜಾತ್ರೆ.

4. ಆಮೇಲೆ ಅರ್ಜಿ ಹಾಕಿ. ಪ್ರಿಂಟ್ ತೆಗೆದು, ಕಾಗದ ಸೇರಿಸಿ ಕಾಲೇಜಿಗೆ ಕೊಡಿ. ಆನ್‌ಲೈನ್‌ನಲ್ಲಿ ಸಬ್ಮಿಟ್ ಒತ್ತಿದರೆ ಮುಗಿಯಿತು ಅಂದುಕೊಂಡು ಪ್ರಿಂಟ್ ಕೊಡದವರ ಅರ್ಜಿ ಕಾಲೇಜಿನ ಹಂತದಲ್ಲೇ ಕೂತಿರುತ್ತದೆ. ಹದಿನೈದು ದಿನಕ್ಕೊಮ್ಮೆ ಸ್ಟೇಟಸ್ ನೋಡುತ್ತಿರಿ.

ಸರ್ಕಾರಿ ಹಾಸ್ಟೆಲ್‌ಗೆ ಬೇರೆ ಪೋರ್ಟಲ್ ಇದೆ, ಎಸ್‌ಎಚ್‌ಪಿ ಅಂತ. ಅದು ತೆರೆದಿರುವ ದಿನ ಕಡಿಮೆ. ಪಿಜಿಗೆ ಆರು ತಿಂಗಳ ಅಡ್ವಾನ್ಸ್ ಕೊಡುವ ಮೊದಲು ಇದನ್ನು ನೋಡಿ. ಬಸ್ಸಿನಲ್ಲಿ ಓಡಾಡುವ ಹುಡುಗರು ಸೇವಾ ಸಿಂಧುವಿನಲ್ಲಿ ಸ್ಟೂಡೆಂಟ್ ಪಾಸ್‌ಗೆ ಹಾಕಬೇಕು. ಹುಡುಗಿಯರಿಗೆ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ಸಾಕು.

ಒಂದು ಮಾತು. ಸ್ಕಾಲರ್‌ಶಿಪ್ ಹಣ ಈ ತಿಂಗಳೇ ಬರುತ್ತದೆ ಅಂತ ಯಾರಿಗೂ ಹೇಳಿ ಸಾಲ ಮಾಡಬೇಡಿ. ಬರುತ್ತದೆ, ಆದರೆ ಅದರ ಟೈಮಿಗೆ ಬರುತ್ತದೆ.

## ಹಂತ 3: ಪಾಸಾಗುವ ಲೆಕ್ಕ ಬಾಯಿಪಾಠ ಆಗಲಿ

ಈಗ ಆ 38ರ ಹುಡುಗನ ಕಥೆ. ಪ್ರತಿ ಸಬ್ಜೆಕ್ಟಿಗೆ 100 ಅಂಕ. ಅರ್ಧ ಇಂಟರ್ನಲ್ಸ್, ಅಂದರೆ ಸಿಐಇ, 50. ಇನ್ನರ್ಧ ಸೆಮಿಸ್ಟರ್ ಪರೀಕ್ಷೆ, ಅಂದರೆ ಎಸ್‌ಇಇ. ಪರೀಕ್ಷೆ ಬರೆಯುವುದು 100ಕ್ಕೆ, ಅದನ್ನು 50ಕ್ಕೆ ಇಳಿಸುತ್ತಾರೆ.

ಸಿಐಇಯಲ್ಲಿ 50ಕ್ಕೆ 20 ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ರಿಸಲ್ಟಿನಲ್ಲಿ ಎನ್‌ಇ ಅಂತ ಬರುವುದು ಅದೇ, ನಾಟ್ ಎಲಿಜಿಬಲ್. ಪರೀಕ್ಷೆಯಲ್ಲಿ 100ಕ್ಕೆ 35 ಬೇಕು, ಇಳಿಸಿದಾಗ 17.5, ಅಂದರೆ 18. ಎರಡೂ ಸೇರಿ 40 ಆಗಬೇಕು.

ಇಲ್ಲೇ ಎಡವುವುದು. 20 ಮತ್ತು 18 ಕೂಡಿಸಿ ನೋಡಿ. 38. ಎರಡು ಕಡೆಯೂ ಮಿನಿಮಮ್ ದಾಟಿದ್ದಾನೆ, ಆದರೆ ಒಟ್ಟಿನಲ್ಲಿ ಎರಡು ಅಂಕ ಕಡಿಮೆ. ಸಬ್ಜೆಕ್ಟ್ ಹೋಯಿತು. ಅಂದರೆ ಇಂಟರ್ನಲ್ಸ್‌ನ ನಿಜವಾದ ಮಿನಿಮಮ್ 20 ಅಲ್ಲ, 22. ನನ್ನನ್ನು ಕೇಳಿದರೆ 40. ಸಿಐಇ 40 ಇದ್ದವನು ಪರೀಕ್ಷೆ ದಿನ ಜ್ವರದಲ್ಲಿ ಬರೆದು 35 ತೆಗೆದರೂ ಒಟ್ಟು 58.

ಲ್ಯಾಬ್ ಸೇರಿರುವ ಥಿಯರಿ ಸಬ್ಜೆಕ್ಟುಗಳಲ್ಲಿ ಇನ್ನೊಂದು ಬಲೆ ಇದೆ. ಅಲ್ಲಿ ಸಿಐಇಯ 50 ಅಂಕ ಥಿಯರಿಗೆ ಇಷ್ಟು, ಲ್ಯಾಬಿಗೆ ಇಷ್ಟು ಅಂತ ಒಡೆದಿರುತ್ತದೆ. ಎರಡರಲ್ಲೂ ಬೇರೆಬೇರೆಯಾಗಿ 40 ಪರ್ಸೆಂಟ್ ಬೇಕು. ಥಿಯರಿಯಲ್ಲಿ ಎಷ್ಟೇ ಇದ್ದರೂ ಲ್ಯಾಬಿನಲ್ಲಿ ಅಷ್ಟು ಇಲ್ಲದಿದ್ದರೆ ಉಪಯೋಗವಿಲ್ಲ.

ಕನ್ನಡ, ಇಂಗ್ಲಿಷ್, ಸಂವಿಧಾನದಂಥ ಒಂದು ಕ್ರೆಡಿಟ್ ಪೇಪರ್‌ಗಳಿಗೆ ಆಯ್ಕೆ ಪ್ರಶ್ನೆಗಳ ಒಂದು ಗಂಟೆಯ ಪರೀಕ್ಷೆ. "ಕನ್ನಡ ನಮ್ಮ ಮನೆ ಭಾಷೆ, ಓದುವುದೇನು" ಅಂತ ಸಾಂಸ್ಕೃತಿಕ ಕನ್ನಡದ ಪುಸ್ತಕವನ್ನೇ ತೆರೆಯದವರು ಇದ್ದಾರೆ. ಅದರಲ್ಲೂ ಸಿಐಇ ಬೇಕು, ಅದಕ್ಕೂ ಅಟೆಂಡೆನ್ಸ್ ಬೇಕು.

ಈ ಅಂಕಿಗಳನ್ನು ನಿಮ್ಮ ಸಿಲಬಸ್ ಕಾಪಿಯಲ್ಲಿ ಹುಡುಕಿ ಗೆರೆ ಹಾಕಿ. ಪ್ರತಿ ಸಬ್ಜೆಕ್ಟಿನ ಸಿಲಬಸ್ ಕೊನೆಯಲ್ಲಿ ಮೌಲ್ಯಮಾಪನದ ಭಾಗ ಇರುತ್ತದೆ. ಯಾರೂ ಓದದ ಪುಟ ಅದು.

## ಹಂತ 4: ಅಟೆಂಡೆನ್ಸ್ ಡೈರಿ

ನಿಯಮ 85 ಪರ್ಸೆಂಟ್. ಅನಾರೋಗ್ಯ, ಕ್ರೀಡೆ, ಎನ್‌ಸಿಸಿಯಂಥ ಕಾರಣಕ್ಕೆ ದಾಖಲೆ ಕೊಟ್ಟರೆ 10 ಪರ್ಸೆಂಟ್‌ವರೆಗೆ ವಿನಾಯಿತಿ ಸಿಗಬಹುದು. ಅದು ಕೊಟ್ಟರೆ ಉಂಟು, ಕೇಳುವ ಹಕ್ಕಲ್ಲ. ಮತ್ತೆ, ಲೆಕ್ಕ ಹಾಕುವುದು ಸಬ್ಜೆಕ್ಟ್‌ವಾರು. "ನಂದು ಓವರಾಲ್ 88 ಇದೆ" ಅನ್ನುವುದಕ್ಕೆ ಬೆಲೆಯಿಲ್ಲ.

ಊರಿಂದ ಬಂದವರು ಸಿಕ್ಕಿಬೀಳುವುದು ಶನಿವಾರ, ಸೋಮವಾರದಲ್ಲಿ. ಲೆಕ್ಕ ನೋಡಿ. ಮ್ಯಾಥ್ಸ್ ವಾರಕ್ಕೆ 4 ಗಂಟೆ, 14 ವಾರಕ್ಕೆ 56 ಕ್ಲಾಸ್. ಶನಿವಾರ ಒಂದು, ಸೋಮವಾರ ಒಂದು ಇದೆ ಅಂತಿಟ್ಟುಕೊಳ್ಳಿ. ಎರಡು ವಾರಕ್ಕೊಮ್ಮೆ ಶುಕ್ರವಾರ ರಾತ್ರಿ ಬಸ್ ಹತ್ತಿ ಮಂಗಳವಾರ ಬೆಳಗ್ಗೆ ಬರುತ್ತೀರಿ. ಏಳು ಸಲ ಹೋಗಿ ಬಂದರೆ 14 ಕ್ಲಾಸ್ ಹೋಯಿತು. ಉಳಿದದ್ದು 42, ಸರಿಯಾಗಿ 75 ಪರ್ಸೆಂಟ್. ಒಂದು ದಿನವೂ ಬೇಕಂತ ಬಂಕ್ ಹೊಡೆದಿಲ್ಲ, ಸುಮ್ನೆ ಊರಿಗೆ ಹೋಗಿ ಬಂದಿದ್ದೀರಿ, ಅಷ್ಟಕ್ಕೇ ವಿನಾಯಿತಿಯ ಕೊನೆಯ ಅಂಚಿಗೆ ಬಂದು ನಿಂತಿದ್ದೀರಿ. ಇನ್ನು ಒಂದು ಜ್ವರ, ಒಂದು ಮದುವೆ ಬಂದರೆ?

ಲ್ಯಾಬ್ ಇನ್ನೂ ಬಿಗಿ. ಸೆಮಿಸ್ಟರಿಗೆ 12 ಲ್ಯಾಬ್ ನಡೆದು 2 ತಪ್ಪಿದರೆ 83 ಪರ್ಸೆಂಟ್.

ಹಾಗಾಗಿ ಆ ಸಣ್ಣ ಡೈರಿ. ಸಬ್ಜೆಕ್ಟಿಗೊಂದು ಪುಟ, ನಡೆದ ಕ್ಲಾಸಿಗೆ ಒಂದು ಗೀಟು, ತಪ್ಪಿಸಿದ್ದಕ್ಕೆ ಒಂದು ಸೊನ್ನೆ. ಟೈಮ್‌ಟೇಬಲ್ ಬಂದ ದಿನವೇ ಯಾವ ಸಬ್ಜೆಕ್ಟ್ ಸೋಮವಾರ, ಶನಿವಾರಕ್ಕೆ ಬಿದ್ದಿದೆ ನೋಡಿ. ಆ ಸಬ್ಜೆಕ್ಟೇ ನಿಮ್ಮನ್ನು ಕಾಡುವುದು. ಕಾಲೇಜಿನವರು ತಿಂಗಳಿಗೊಮ್ಮೆ ಪಟ್ಟಿ ಹಾಕಿದಾಗ ಡೈರಿ ಜೊತೆ ತಾಳೆ ನೋಡಿ. ತಪ್ಪಿದ್ದರೆ ಅದೇ ವಾರ ಹೋಗಿ ಕೇಳಿ. ಮೂರು ತಿಂಗಳಾದ ಮೇಲೆ "ನಾನು ಆವತ್ತು ಬಂದಿದ್ದೆ ಸರ್" ಅಂದರೆ ಯಾರೂ ನಂಬುವುದಿಲ್ಲ, ನಂಬಿದರೂ ತಿದ್ದಲು ಆಗುವುದಿಲ್ಲ.

ಕಾಯಿಲೆ ಬಿದ್ದರೆ ಡಾಕ್ಟರ್ ಚೀಟಿ, ಔಷಧಿ ಬಿಲ್ ಎರಡನ್ನೂ ವಾಪಸ್ ಬಂದ ದಿನವೇ ನಿಮ್ಮ ಪ್ರಾಕ್ಟರ್‌ಗೆ ಕೊಡಿ. ಪ್ರಾಕ್ಟರ್ ಅಂದರೆ ನಿಮ್ಮನ್ನು ನೋಡಿಕೊಳ್ಳಲು ಹಚ್ಚಿರುವ ಮೇಷ್ಟ್ರು ಅಥವಾ ಮೇಡಂ. ಕೆಲವು ಕಡೆ ಮೆಂಟರ್ ಅನ್ನುತ್ತಾರೆ. ಮೊದಲ ತಿಂಗಳಲ್ಲಿ ಒಮ್ಮೆಯಾದರೂ ಹೋಗಿ ಮಾತಾಡಿಸಿ ಬನ್ನಿ. ಕಷ್ಟ ಬಂದಾಗ ಮೊದಲ ಸಲ ಮುಖ ತೋರಿಸುವುದು ಚೆನ್ನಾಗಿರುವುದಿಲ್ಲ ಅಲ್ವಾ?

## ಹಂತ 5: ಇಂಗ್ಲಿಷ್ ಕ್ಲಾಸಿನಲ್ಲಿ ನೋಟ್ಸ್ ಮಾಡುವುದು

ಹತ್ತನೇ ಕ್ಲಾಸ್‌ವರೆಗೆ ಕನ್ನಡದಲ್ಲಿ ಓದಿದವರಿಗೆ ಇದು. ಉಳಿದವರು ಮುಂದೆ ಹೋಗಿ.

ಪಿಯುಸಿಯಲ್ಲಿ ಎರಡು ವರ್ಷ ಸೈನ್ಸನ್ನು ಇಂಗ್ಲಿಷಿನಲ್ಲೇ ಓದಿದ್ದೀರಿ, ನಿಜ. ಆದರೆ ನಮ್ಮಲ್ಲಿ ಹೆಚ್ಚಿನವರು ಓದಿದ್ದು ಉತ್ತರ, ಭಾಷೆ ಅಲ್ಲ. ಪ್ರಶ್ನೆ ನೋಡಿದರೆ ಉತ್ತರ ಬಾಯಿಗೆ ಬರುತ್ತಿತ್ತು. ಇಲ್ಲಿ ಮೇಷ್ಟ್ರು ಬೋರ್ಡ್ ಕಡೆ ಮುಖ ಮಾಡಿ ಒಂದೇ ಓಟದಲ್ಲಿ ಹೋಗುತ್ತಾರೆ. ನನ್ನ ಮೊದಲ ಮ್ಯಾಥ್ಸ್ ಕ್ಲಾಸಿನಲ್ಲಿ "ಡಿನಾಮಿನೇಟರ್ ವ್ಯಾನಿಷ್ ಆಗುತ್ತೆ" ಅಂದರು. ಛೇದ ಸೊನ್ನೆ ಆಗುತ್ತದೆ ಅನ್ನುವುದು ಏಳನೇ ಕ್ಲಾಸಿನಿಂದ ನನಗೆ ಗೊತ್ತಿದ್ದ ವಿಷಯವೇ. ಆದರೆ ನಾನು "ವ್ಯಾನಿಷ್" ಅಂದರೇನು ಅಂತ ಯೋಚಿಸುತ್ತಾ ಕೂತೆ. ತಲೆ ಎತ್ತಿದಾಗ ಬೋರ್ಡ್ ಒರೆಸಿಯಾಗಿತ್ತು.

ಮಾಡಬೇಕಾದ್ದು ಇಷ್ಟು. ನೋಟ್‌ಬುಕ್ಕಿನ ಬಲ ಪುಟದಲ್ಲಿ ಮಾತ್ರ ಬರೆಯಿರಿ. ಬೋರ್ಡ್ ಮೇಲಿರುವುದನ್ನು ಹಾಗೇ ಇಳಿಸಿ. ಅರ್ಥವಾಗದ ಪದಕ್ಕೆ ಸುತ್ತು ಹಾಕಿ ಮುಂದೆ ಹೋಗಿ, ಅಲ್ಲೇ ನಿಲ್ಲಬೇಡಿ. ಅದೇ ದಿನ ರಾತ್ರಿ, ಊಟಕ್ಕೆ ಮೊದಲು, ಎಡ ಪುಟದಲ್ಲಿ ಸುತ್ತು ಹಾಕಿದ ಪದಗಳ ಅರ್ಥ ಮತ್ತು ಪಾಠದ ಸಾರ ಕನ್ನಡದಲ್ಲಿ ಬರೆಯಿರಿ. ಐದಾರು ಸಾಲು ಸಾಕು. ಕನ್ನಡದಲ್ಲಿ ಬರೆಯಲು ಆಗಲಿಲ್ಲ ಅಂದರೆ ಪಾಠ ಅರ್ಥ ಆಗಿಲ್ಲ ಅಂತ ತಿಳಿಯಿರಿ. ಅದೇ ನಾಳೆ ಮೇಷ್ಟ್ರಿಗೆ ಕೇಳಬೇಕಾದ ಪ್ರಶ್ನೆ. ಕನ್ನಡದಲ್ಲೇ ಕೇಳಿ, ಯಾರೂ ನಗುವುದಿಲ್ಲ. ನಕ್ಕರೆ ಒಂದು ದಿನ ನಗುತ್ತಾರೆ.

ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇಯ ಇ-ಕುಂಭ್ ಪೋರ್ಟಲಿನಲ್ಲಿ ಮೊದಲ ವರ್ಷದ ತಾಂತ್ರಿಕ ಪುಸ್ತಕಗಳು ಕನ್ನಡದಲ್ಲೂ ಪುಕ್ಕಟೆ ಇವೆ. ನಿಮ್ಮ ಸಿಲಬಸ್‌ಗೆ ಪೂರ್ತಿ ಹೊಂದುವುದಿಲ್ಲ. ಒಂದು ವಿಷಯ ತಲೆಗೆ ಹತ್ತದಿದ್ದಾಗ ಮೊದಲು ಅಲ್ಲಿ ಓದಿ, ಆಮೇಲೆ ಇಂಗ್ಲಿಷ್ ಪುಸ್ತಕಕ್ಕೆ ಬನ್ನಿ. ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ ಅನ್ನುವುದು ಮರೆಯಬೇಡಿ. ಬರೀ ಕನ್ನಡದಲ್ಲಿ ಅರ್ಥ ಮಾಡಿಕೊಂಡು ನಿಲ್ಲಿಸಿದರೂ ಕಷ್ಟವೇ.

ಪ್ರಶ್ನೆಯ ಕ್ರಿಯಾಪದಗಳನ್ನು ಬೇರೆಯಾಗಿ ಕಲಿಯಿರಿ. ಡಿಫೈನ್ ಅಂದರೆ ಎರಡು ಸಾಲು. ಡಿರೈವ್ ಅಂದರೆ ಸೂತ್ರವನ್ನು ಮೊದಲಿಂದ ಹೆಜ್ಜೆ ಹೆಜ್ಜೆಯಾಗಿ ತರಬೇಕು, ಕೊನೆಯ ಸೂತ್ರ ಬರೆದಿಟ್ಟರೆ ಅಂಕ ಬರುವುದಿಲ್ಲ. ಡಿಸ್ಟಿಂಗ್ವಿಶ್ ಅಂದರೆ ಎರಡು ಕಾಲಂ ಹಾಕಿ ವ್ಯತ್ಯಾಸ. "ವಿತ್ ಎ ನೀಟ್ ಸ್ಕೆಚ್" ಅಂತಿದ್ದರೆ ಚಿತ್ರಕ್ಕೇ ಅಂಕ ಇದೆ ಅಂತ ಅರ್ಥ.

## ಹಂತ 6: ಇಂಟರ್ನಲ್ಸ್ ಮತ್ತು ಲ್ಯಾಬ್ ರೆಕಾರ್ಡ್

ಮೊದಲ ಇಂಟರ್ನಲ್ಸ್ ಐದಾರು ವಾರಕ್ಕೆ ಬರುತ್ತದೆ. ಫ್ರೆಶರ್ಸ್ ಡೇ, ಹಬ್ಬ, ಹೊಸ ಗೆಳೆಯರ ಗುಂಗು ಇನ್ನೂ ಇಳಿದಿರುವುದಿಲ್ಲ. "ಮೊದಲನೇದು ಹೋದರೆ ಹೋಗಲಿ, ಎರಡನೇದರಲ್ಲಿ ಎತ್ತೋಣ" ಅನ್ನುತ್ತಾರೆ ಸೀನಿಯರ್ಸ್. ಈ ಮಾತು ಕೇಳಬೇಡಿ. ಇರುವುದೇ ಎರಡು ಮೂರು ಟೆಸ್ಟ್, ಸರಾಸರಿ ತೆಗೆಯುತ್ತಾರೆ. ಮೊದಲನೆಯದರಲ್ಲಿ 25ಕ್ಕೆ 6 ಬಂದವನು ಮುಂದಿನದರಲ್ಲಿ 20 ತೆಗೆದರೂ ಸರಾಸರಿ 13.

ಇಂಟರ್ನಲ್ಸ್ ಉತ್ತರ ಬರೆಯುವ ಪುಸ್ತಕಕ್ಕೆ ಬ್ಲೂ ಬುಕ್ ಅನ್ನುತ್ತಾರೆ. ಅದರಲ್ಲಿ ಬರೆಯುವಾಗ ಪ್ರಶ್ನೆ ನಂಬರ್, ಅದರ ಉಪಭಾಗ ಸರಿಯಾಗಿ ಹಾಕಿ. ಬ್ಲೂ ಬುಕ್ ವಾಪಸ್ ಕೊಟ್ಟಾಗ ಅಂಕ ನೋಡಿ ಮಡಚಿಡಬೇಡಿ. ಕೂಡಿಸಿದ್ದು ಸರಿಯಿದೆಯಾ ನೋಡಿ, ಎಲ್ಲಿ ಅಂಕ ಹೋಯಿತು ಅಂತ ಕೇಳಿ. ಸೆಮಿಸ್ಟರ್ ಪರೀಕ್ಷೆಯ ಪೇಪರನ್ನು ಯಾರೂ ನಿಮ್ಮೆದುರು ತೆರೆದು ತಪ್ಪು ತೋರಿಸುವುದಿಲ್ಲ.

ಅಸೈನ್‌ಮೆಂಟ್ ಅಂಕ ಬಿಟ್ಟಿ ಅಂಕ. ಅದನ್ನು ಬಿಡುವುದು ದಾರಿಯಲ್ಲಿ ಬಿದ್ದ ನೋಟು ಬಿಟ್ಟುಬಂದ ಹಾಗೆ.

ಲ್ಯಾಬಿನಲ್ಲಿ ಎರಡು ಪುಸ್ತಕ. ಆಬ್ಸರ್ವೇಶನ್ ಬುಕ್‌ನಲ್ಲಿ ಅಲ್ಲೇ ರೀಡಿಂಗ್ ಬರೆದು, ಹೊರಗೆ ಬರುವ ಮೊದಲು ಸಹಿ ಹಾಕಿಸಬೇಕು. ರೆಕಾರ್ಡ್ ಬುಕ್‌ನಲ್ಲಿ ನೀಟಾಗಿ ಬರೆದು ಮುಂದಿನ ಲ್ಯಾಬಿಗೆ ತರಬೇಕು. ಸಹಿ ಇಲ್ಲದ ರೀಡಿಂಗ್‌ಗೆ ಬೆಲೆ ಇಲ್ಲ. ರೆಕಾರ್ಡನ್ನು ಆರು ವಾರ ಗುಡ್ಡೆ ಹಾಕಿ, ಕೊನೆಗೆ ರಾತ್ರಿಯಿಡೀ ಕೂತು ಗೆಳೆಯನದ್ದನ್ನು ಇಳಿಸುತ್ತೀರಿ. ವೈವಾದಲ್ಲಿ "ಈ ರೀಡಿಂಗ್ ಯಾಕೆ ಕಡಿಮೆ ಆಯ್ತು?" ಅಂದಾಗ ಇಬ್ಬರ ಬಾಯಿಂದಲೂ ಮಾತು ಬರುವುದಿಲ್ಲ. ಲ್ಯಾಬ್ ಆದ ದಿನ ಸಂಜೆಯೇ ಬರೆದರೆ ಮುಕ್ಕಾಲು ಗಂಟೆಯ ಕೆಲಸ.

## ಹಂತ 7: ಪರೀಕ್ಷೆಗೆ ಮೂರು ವಾರ

ಪ್ರಶ್ನೆಪತ್ರಿಕೆಯ ನಕ್ಷೆ ಮೊದಲು ತಿಳಿಯಿರಿ. ಸಿಲಬಸ್‌ನಲ್ಲಿ 5 ಮಾಡ್ಯೂಲ್. ಪ್ರತಿ ಮಾಡ್ಯೂಲಿನಿಂದ ಎರಡು ಪೂರ್ಣ ಪ್ರಶ್ನೆ, ಒಟ್ಟು 10. ಪ್ರತಿ ಮಾಡ್ಯೂಲಿನಿಂದ ಒಂದು ಆರಿಸಿ ಬರೆಯಬೇಕು, ಒಂದಕ್ಕೆ 20 ಅಂಕ. ಮೂರು ಗಂಟೆ.

ತಪ್ಪು ಒಂದು: ಚೆನ್ನಾಗಿ ಬರುವ ಮಾಡ್ಯೂಲಿನ ಎರಡೂ ಪ್ರಶ್ನೆ ಬರೆಯುವುದು. ಲೆಕ್ಕಕ್ಕೆ ಬರುವುದು ಒಂದೇ, ಇನ್ನೊಂದಕ್ಕೆ ಹಾಕಿದ ಮೂವತ್ತು ನಿಮಿಷ ದಂಡ. ಬಾರದ ಮಾಡ್ಯೂಲಿನಲ್ಲಿ ಚಿತ್ರ, ಸೂತ್ರ, ಮೊದಲ ನಾಲ್ಕು ಹೆಜ್ಜೆ ಬರೆದಿದ್ದರೆ ಅಲ್ಲಿ ನಾಲ್ಕೈದು ಅಂಕವಾದರೂ ಸಿಗುತ್ತಿತ್ತು.

ತಪ್ಪು ಎರಡು: ಕೊನೆಯ ಮಾಡ್ಯೂಲ್ ಬಿಡುವುದು. ಅದನ್ನು ಕ್ಲಾಸಿನಲ್ಲಿ ಗಡಿಬಿಡಿಯಲ್ಲಿ ಮುಗಿಸಿರುತ್ತಾರೆ, ಹಾಗಾಗಿ ಕಷ್ಟ ಅನಿಸುತ್ತದೆ. 2022ರ ಸ್ಕೀಮಿನ ಮೊದಲ ಸೆಮಿಸ್ಟರ್ ಮ್ಯಾಥ್ಸ್‌ನಲ್ಲಿ ಐದನೆಯದು ಲೀನಿಯರ್ ಆಲ್ಜಿಬ್ರಾ. ಮ್ಯಾಟ್ರಿಕ್ಸಿನ ರ‍್ಯಾಂಕ್, ಗಾಸ್ ಎಲಿಮಿನೇಷನ್, ಗಾಸ್-ಸೈಡಲ್. ಸಾಲು ಕಳೆಯುವುದು, ಕ್ಯಾಲ್ಕ್ಯುಲೇಟರ್ ಒತ್ತುವುದು, ಅಷ್ಟೇ. ಇಡೀ ಪೇಪರಿನಲ್ಲಿ ಇದಕ್ಕಿಂತ ಸುಲಭದ 20 ಅಂಕ ಇಲ್ಲ. ಮ್ಯಾಥ್ಸ್‌ಗೆ ಹೆದರುವವರಿಗೆ ನಾನು ಹೇಳುವುದು, ಐದನೇ ಮಾಡ್ಯೂಲಿನಿಂದ ಶುರು ಮಾಡಿ.

ಮೊದಲ ವಾರ ಎಲ್ಲಾ ಸಬ್ಜೆಕ್ಟಿನ ಒಂದೊಂದು ಮಾಡ್ಯೂಲ್ ಗಟ್ಟಿ ಮಾಡಿ. ಎರಡನೇ ವಾರ ಇನ್ನೆರಡು. ಮೂರನೇ ವಾರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ಬರೆಯಿರಿ. ಬರೆಯಿರಿ ಅಂದೆ, ನೋಡಿ ಅನ್ನಲಿಲ್ಲ. ಯೂಟ್ಯೂಬಿನಲ್ಲಿ ಯಾರೋ ಲೆಕ್ಕ ಬಿಡಿಸುವುದನ್ನು ನೋಡಿದರೆ ನಮಗೇ ಬಂದ ಹಾಗೆ ಅನಿಸುತ್ತದೆ. ಪೆನ್ ಹಿಡಿದಾಗ ಎರಡನೇ ಸಾಲಿಗೆ ನಿಲ್ಲುತ್ತದೆ.

ಪರೀಕ್ಷೆ ದಿನ ಯುಎಸ್‌ಎನ್, ಅಂದರೆ ನಿಮ್ಮ ವಿಟಿಯು ರಿಜಿಸ್ಟರ್ ನಂಬರ್ ನೋಡಿ ಬರೆಯಿರಿ. ಹತ್ತು ಅಕ್ಷರ-ಅಂಕಿ: ವಲಯ, ಕಾಲೇಜ್ ಕೋಡ್, ಸೇರಿದ ವರ್ಷ, ಬ್ರಾಂಚ್, ನಿಮ್ಮ ನಂಬರ್. ಹೀಗೆ ಒಡೆದು ನೆನಪಿಟ್ಟುಕೊಂಡರೆ ತಪ್ಪಾಗುವುದಿಲ್ಲ.

## ಎಚ್ಚರಿಕೆಯ ಗುರುತುಗಳು

ಇವು ಕಂಡರೆ ಅದೇ ವಾರ ನಿಲ್ಲಿಸಿ ಸರಿಮಾಡಿ. ಯಾವುದಾದರೂ ಸಬ್ಜೆಕ್ಟಿನ ಡೈರಿ ಪುಟದಲ್ಲಿ ಮೊದಲ ತಿಂಗಳೇ ನಾಲ್ಕು ಸೊನ್ನೆ. ರೆಕಾರ್ಡ್ ಎರಡು ಪ್ರಯೋಗ ಹಿಂದೆ. ನೋಟ್‌ಬುಕ್ಕಿನ ಎಡ ಪುಟಗಳು ಸತತ ಒಂದು ವಾರ ಖಾಲಿ. "ಆ ಸಬ್ಜೆಕ್ಟ್ ಕ್ಲಾಸಿಗೆ ಹೋದರೂ ಏನೂ ಅರ್ಥ ಆಗಲ್ಲ, ರೂಮಲ್ಲೇ ಓದ್ತೀನಿ" ಅನ್ನುವ ಮಾತು ನಿಮ್ಮ ಬಾಯಿಂದ ಬಂದರೆ ಅದು ಎಲ್ಲಕ್ಕಿಂತ ಕೆಟ್ಟ ಗುರುತು. ರೂಮಲ್ಲಿ ಓದಿದವರನ್ನು ನಾನಿನ್ನೂ ನೋಡಿಲ್ಲ, ಮಲಗಿದವರನ್ನು ನೋಡಿದ್ದೇನೆ.

ಬೇರೆ ಥರದ ಗುರುತುಗಳೂ ಇವೆ. ಸೀನಿಯರ್ಸ್ ರಾತ್ರಿ ರೂಮಿಗೆ ಕರೆಯುವುದು, ಹಾಡು, ಡ್ಯಾನ್ಸ್ ಅಂತ ಶುರುವಾಗಿ ಅವಮಾನಕ್ಕೆ ತಿರುಗುವುದು, ದುಡ್ಡು ಕೇಳುವುದು, ಅವರ ಅಸೈನ್‌ಮೆಂಟ್ ಬರೆಸುವುದು. ಇದು "ಪರಿಚಯ" ಅಲ್ಲ, ರ‍್ಯಾಗಿಂಗ್. ಯುಜಿಸಿಯ 2009ರ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ಇದರ ವಿರುದ್ಧ ಸಮಿತಿ ಇರಲೇಬೇಕು. ಹೆಲ್ಪ್‌ಲೈನ್ 1800-180-5522, ದಿನವಿಡೀ ಇರುತ್ತದೆ.

ಊಟ ಸೇರದಿರುವುದು, ರಾತ್ರಿ ನಿದ್ದೆ ಬಾರದಿರುವುದು, ಮನೆಯಿಂದ ಫೋನ್ ಬಂದರೆ ಎತ್ತಲು ಮನಸ್ಸಿಲ್ಲದಿರುವುದು ಎರಡು ವಾರ ದಾಟಿದರೆ ಯಾರಿಗಾದರೂ ಹೇಳಿ. ಮನೆಯವರಿಗೆ ಹೇಳಲು ಆಗದಿದ್ದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

## ಇಷ್ಟಾದರೂ ಒಂದು ಬ್ಯಾಕ್ ಉಳಿದರೆ

ಮೊದಲು ಅಂಕ ಬಿಡಿಸಿ ನೋಡಿ. ಸಿಐಇ ಎಷ್ಟು, ಪರೀಕ್ಷೆಯದು ಎಷ್ಟು. ಎನ್‌ಇ ಆಗಿದ್ದರೆ ಬರೀ ಪರೀಕ್ಷೆ ಬರೆದು ಮುಗಿಯುವುದಿಲ್ಲ, ಸಿಐಇಯನ್ನೇ ಮತ್ತೆ ಗಳಿಸಬೇಕು. ಹೇಗೆ, ಯಾವಾಗ ಅಂತ ಪ್ರಾಕ್ಟರ್ ಹತ್ತಿರ ಅದೇ ದಿನ ಕೇಳಿ. ಪರೀಕ್ಷೆಯಲ್ಲಿ ಹೋಗಿದ್ದರೆ ಉತ್ತರಪತ್ರಿಕೆಯ ಪ್ರತಿ ತರಿಸಿ, ಅದನ್ನು ಆ ಸಬ್ಜೆಕ್ಟಿನ ಮೇಷ್ಟ್ರಿಗೆ ತೋರಿಸಿ. ಅವರು ಹಾಕಬಹುದು ಅಂದರೆ ಮಾತ್ರ ರೀವ್ಯಾಲ್ಯುಯೇಷನ್‌ಗೆ ದುಡ್ಡು ಕಟ್ಟಿ. ಎರಡಕ್ಕೂ ಕೊನೆ ದಿನ ಬೇಗ ಬರುತ್ತದೆ, ಅಳುತ್ತಾ ಕೂತರೆ ಕಳೆದುಹೋಗುತ್ತದೆ.

ಮನೆಗೆ ಫೋನ್ ಮಾಡಿ ನೀವೇ ಹೇಳಿ. ನನ್ನ ಮ್ಯಾಥ್ಸ್ ಹೋದಾಗ ನಾನು ಹೇಳಿರಲಿಲ್ಲ. ಪಕ್ಕದ ಊರಿನ ಹುಡುಗ ಹೇಳಿದ. ಅಪ್ಪ ಫೋನ್ ಮಾಡಿ, "ಎಷ್ಟು ಕಟ್ಟಬೇಕು ಮತ್ತೆ ಬರೀಲಿಕ್ಕೆ?" ಅಂತ ಅಷ್ಟೇ ಕೇಳಿದರು.